ಗೋಡೆಗೆ ಒಗ್ಗದ ಒಂಟಿಸಲಗ

ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ಕಿಕ್ಕರ್ ಕೆಳಗಿಳಿಯಿತು. ಅಕ್ಕ ಮೋಟಾರ್‌ಸೈಕಲ್ಲಿನ ಮೇಲೆ ಹಾಗೇ ನಿಂತು ತನ್ನ ಬಲಗಾಲನ್ನು ನೋಡಿಕೊಂಡಳು. ಮಂಡಿಯ ಮೇಲಿನ ಹೊಲಿಗೆ ಎಳೆಯಲಿಲ್ಲ, ಉರಿಯಲಿಲ್ಲ, ಚುಳುಕ್ ಎನ್ನಲಿಲ್ಲ. ಇನ್ನೊಮ್ಮೆ ಒದ್ದಳು. ಮತ್ತೆ ಅದೇ ಸಲೀಸು.

"ರೀ, ಬನ್ನಿ ಇಲ್ಲಿ! ಕಾಲು ಬಂತು ನೋಡಿ!" ಎಂದು ಶೆಡ್ಡಿನಿಂದಲೇ ಕೂಗಿದಳು.

ಗಂಡ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆಯಿತ್ತು. "ಕಾಲು ಬಂತು, ಸರಿ. ಗಾಡಿ ಬಂತಾ?"

"ಅದೂ ಬರುತ್ತೆ ಬಿಡಿ."

ಗಾಡಿ ಬರಲಿಲ್ಲ. ಸೈಲೆನ್ಸರಿನ ಬಾಯಿಂದ ಒಮ್ಮೆ ಪುಸ್ ಎಂದು ಗಾಳಿ ಬಂತು, ಅಷ್ಟೆ. ಗಂಡ ಆಲೂಗಡ್ಡೆಯ ಉಳಿದರ್ಧ ಸುಲಿಯಲು ಒಳಗೆ ಹೊರಟುಹೋದ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವನದು. ದಿನವಿಡೀ ಊರವರ ತಪ್ಪು ಹುಡುಕಿ ಸಾಕಾಗಿ, ಮನೆಯಲ್ಲಿ ಯಾರ ತಪ್ಪನ್ನೂ ಎತ್ತದ ಮನುಷ್ಯ.

ಅವಳನ್ನು ಅಕ್ಕ ಎಂದು ಕರೆಯಬೇಕಾದವನು ಒಬ್ಬನೇ ತಮ್ಮ. ಆದರೆ ಅವನು ಬೀದಿಗೆಲ್ಲ ಕೇಳುವಂತೆ ಕರೆದೂ ಕರೆದೂ ಬೀದಿಗೇ ಅವಳು ಅಕ್ಕನಾಗಿಬಿಟ್ಟಿದ್ದಳು. ಸರ್ವೆ ಇಲಾಖೆಯಲ್ಲಿ ಅವಳದು ಬೆಟ್ಟ ಅಳೆಯುವ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜೀಪು ಹೋಗದ ಕಡೆಗೆ ಕತ್ತೆ ಕೊಡುತ್ತೇವೆ ಎಂದಿದ್ದರು ಇಲಾಖೆಯವರು. ಕತ್ತೆಗೂ ನನಗೂ ಹಟದಲ್ಲಿ ಹೊಂದಿಕೆಯಾಗದು ಎಂದು ಅಕ್ಕ ಈ ಮೋಟಾರ್‌ಸೈಕಲ್ ಕೊಂಡಿದ್ದಳು. ಆಗಲೇ ಅದು ಯಾರೋ ಓಡಿಸಿ ಬಿಟ್ಟದ್ದು, ಈಗಂತೂ ಅಂಥದ್ದು ರಸ್ತೆಯಲ್ಲಿ ಇನ್ನೊಂದು ಕಾಣಸಿಗದು. ನೆಲದಿಂದ ಎತ್ತರಕ್ಕೆ ನಿಂತ ಮೈ, ಕಲ್ಲುದಾರಿಯನ್ನು ನುಂಗಿಕೊಳ್ಳುವ ಉದ್ದನೆಯ ಮುಂಗಾಲುಗಳು, ಎಡಗಡೆ ನಗ್ಗಿದ ದೊಡ್ಡ ಟ್ಯಾಂಕು. ಸಿಲಿಂಡರ್ ಮಾತ್ರ ಒಂದೇ ಒಂದು. ಆದರೆ ನಾಲ್ಕು ಗಾಡಿಗೆ ಹಂಚುವಷ್ಟು ದಪ್ಪದ್ದು. ತಮ್ಮ ಅದಕ್ಕೆ ಒಂಟಿಸಲಗ ಎಂದು ಹೆಸರಿಟ್ಟಿದ್ದ.

ಒಂಟಿಸಲಗಕ್ಕೆ ಗುಂಡಿ ಒತ್ತಿ ಚಾಲೂ ಮಾಡುವ ಸೌಕರ್ಯವಿಲ್ಲ. ಕಾಲಿನಿಂದಲೇ ಎಬ್ಬಿಸಬೇಕು, ಅದೂ ಮರ್ಯಾದೆ ಕೊಟ್ಟು. ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ ಒಂದು ಕಡೆ ಕಲ್ಲಿನ ಹಾಗೆ ನಿಲ್ಲುತ್ತದೆ. ಒಳಗೆ ಪಿಸ್ಟನ್ ಮೇಲೆ ಬಂದು, ಗಾಳಿಯನ್ನು ಅಮುಕಿ ಹಿಡಿದಿರುವ ಜಾಗ ಅದು. ಆಗ ಎಡಗೈ ಕೆಳಗಿನ ಪುಟ್ಟ ಲಿವರ್ ಎಳೆಯಬೇಕು. ಎಳೆದರೆ ಹೊಗೆ ಹೋಗುವ ವಾಲ್ವ್ ಕೂದಲೆಳೆಯಷ್ಟು ತೆರೆದು, ಹಿಡಿದಿಟ್ಟ ಗಾಳಿಯನ್ನು ಬಿಡುತ್ತದೆ. ಪಿಸ್ಟನ್ ಆ ತುದಿಯನ್ನು ದಾಟಿಕೊಳ್ಳುತ್ತದೆ. ಆಮೇಲೆ ಲಿವರ್ ಬಿಟ್ಟು, ಕಿಕ್ಕರನ್ನು ಮೇಲೆ ತಂದು, ಮೇಲಿನಿಂದ ಕೆಳಗಿನ ತನಕ ಒಂದೇ ಒದೆ. ಅರ್ಧಂಬರ್ಧ ಒದ್ದರೆ ಅದೇ ತಿರುಗಿ ಒದೆಯುತ್ತದೆ.

ಅಕ್ಕ ಬಿದ್ದದ್ದು ಮಾತ್ರ ಬೆಟ್ಟದಲ್ಲಲ್ಲ, ಗಾಡಿಯಿಂದಲೂ ಅಲ್ಲ. ತಮ್ಮ ಹೊಸದಾಗಿ ತೆರೆದ ಹೋಟೆಲಿನ ಮೆಟ್ಟಿಲಲ್ಲಿ. ಆಗಷ್ಟೇ ಒರೆಸಿದ್ದ ಮೆಟ್ಟಿಲು, ಅಕ್ಕನ ಕೈಯಲ್ಲಿ ಅವನಿಗಾಗಿ ತಂದ ಹೂದಾನಿ. ಹೂದಾನಿಗೆ ಏನೂ ಆಗಲಿಲ್ಲ, ಮಂಡಿ ಚೂರಾಯಿತು. ಆಸ್ಪತ್ರೆ, ಕಬ್ಬಿಣದ ಮೊಳೆ, ಊರುಗೋಲು ಎಂದು ತಿಂಗಳುಗಳು ಕಳೆದವು. ಒಂಟಿಸಲಗ ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಗಾಡಿ ಓಡಿಸಬಹುದಾ ಎಂದು ಕೇಳಿದಾಗ ಡಾಕ್ಟರು ಓಡಿಸಬಹುದು ಎಂದಿದ್ದರು. ಒದೆಯಬಹುದಾ ಎಂದು ಅಕ್ಕ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕಳೆದ ವಾರ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ತಮ್ಮ ವಿಷಯ ತೆಗೆದ.

"ಅಕ್ಕ, ಆ ಗೋಡೆ ನೋಡು."

"ನೋಡ್ದೆ. ಖಾಲಿ ಇದೆ."

"ಅದಕ್ಕೇ ಹೇಳ್ತಿರೋದು. ಒಂಟಿಸಲಗನ ಅಲ್ಲಿ ಏರಿಸಿಬಿಡೋಣ. ಕೆಳಗಿಂದ ಒಂದು ದೀಪ. ಪಕ್ಕದಲ್ಲಿ ನೀನು ಬೆಟ್ಟದ ಮೇಲೆ ನಿಂತಿರೋ ಫೋಟೋ. ಜನ ಊಟ ಬಿಟ್ಟು ನೋಡ್ತಾರೆ."

"ಊಟ ಬಿಟ್ಟು ಗೋಡೆ ನೋಡ್ತಾರೆ ಅಂದ್ರೆ ನಿನ್ನ ಅಡುಗೆಯವನನ್ನ ಬದಲಾಯಿಸ್ಬೇಕು."

"ತಮಾಷೆ ಅಲ್ಲ ಕಣೇ. ಎಣ್ಣೆ ಎಲ್ಲ ಬಸಿದು, ಪಾಲಿಶ್ ಹೊಡೆಸಿ, ಜೋಪಾನವಾಗಿ ಇಟ್ಕೋತೀನಿ. ಗೋಡೆಗೆ ಕಬ್ಬಿಣದ ತೋಳು ಕೂಡ ಹಾಕ್ಸಿದೀನಿ."

ಅಕ್ಕ ಆಗ ಗಮನಿಸಿದಳು. ಗೋಡೆಯಿಂದ ಎರಡು ಕಪ್ಪು ತೋಳುಗಳು ಆಗಲೇ ಹೊರಚಾಚಿಕೊಂಡಿದ್ದವು, ಯಾರನ್ನೋ ಎತ್ತಿಕೊಳ್ಳಲು ಕಾದವರ ಹಾಗೆ.

"ಕೇಳೋಕ್ಕಿಂತ ಮುಂಚೆನೇ ಹಾಕ್ಸಿದೀಯ."

"ಆ ಕಾಲಲ್ಲಿ ನೀನಿನ್ನು ಅದನ್ನ ಎಬ್ಬಿಸಲ್ಲ ಅಕ್ಕ. ನಿಂಗೂ ಗೊತ್ತು."

ಅಲ್ಲಿಗೆ ಅವಳಿಗೆ ಉರಿದುಹೋಯಿತು. "ಬರೋ ಭಾನುವಾರ ಎಬ್ಬಿಸ್ತೀನಿ. ತಳ್ಳೋದಿಲ್ಲ, ಇಳಿಜಾರಲ್ಲಿ ಉರುಳಿಸೋದಿಲ್ಲ. ಇದೇ ಕಾಲು. ಘಟ್ಟದ ನೆತ್ತಿ ತನಕ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಸೋಮವಾರ ನಾನೇ ಎಣ್ಣೆ ಬಸಿದು ನಿನ್ನ ಗೋಡೆಗೆ ಕೊಡ್ತೀನಿ."

"ಮಾತು?"

"ಮಾತು."

ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಆ ಗೋಡೆಯೇ ಇತ್ತು. ಗೋಡೆಗೆ ಏರುವುದು ಗಾಡಿಯೊಂದೇ ಅಲ್ಲ ಎಂದು ಅವಳಿಗೆ ಅನ್ನಿಸಿತ್ತು. ಪಕ್ಕದ ಆ ಫೋಟೋ. ಸಾರು ಕುಡಿಯುತ್ತ ಯಾರೋ ಅದರತ್ತ ಚಮಚ ತೋರಿಸಿ, ಇವರು ಆಗಿನ ಕಾಲದಲ್ಲಿ ಬೆಟ್ಟ ಹತ್ತುತ್ತಿದ್ದರಂತೆ ಎನ್ನುವುದು. ತಾನು ಅದೇ ಹೋಟೆಲಿನ ಮೂಲೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುವುದು.

ಆ ವಾರವಿಡೀ ಕಚೇರಿ ಮುಗಿಸಿ ಬಂದ ಕೂಡಲೇ ಅಕ್ಕ ಶೆಡ್ಡಿಗೆ ಇಳಿದಳು. ಹಳೇ ಪೆಟ್ರೋಲು ಬಸಿದು ಹೊಸದು ತುಂಬಿದಳು. ಕಾರ್ಬೊರೇಟರ್ ಬಿಚ್ಚಿ, ಸೂಜಿಗಣ್ಣಿನಷ್ಟು ಸಣ್ಣ ತೂತುಗಳಿಗೆ ಬಾಯಿಂದ ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿದಳು. ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಒದ್ದರೆ ನೀಲಿ ಕಿಡಿ ಚಟ್ಟನೆ ಹಾರುತ್ತಿತ್ತು. ಪೆಟ್ರೋಲಿದೆ, ಗಾಳಿಯಿದೆ, ಕಿಡಿಯಿದೆ. ಮೂರೂ ಇದ್ದ ಮೇಲೆ ಹೊತ್ತಿಕೊಳ್ಳಲು ಇದಕ್ಕೇನು ರೋಗ?

ಒಂದೇ ಸಮಾಧಾನ ಎಂದರೆ ಕಾಲು. ದಿನದಿನಕ್ಕೂ ಒದೆ ಹಗುರಾಗುತ್ತಿತ್ತು. ಮೊದಲೆಲ್ಲ ಕಲ್ಲಿನಂತೆ ನಿಲ್ಲುತ್ತಿದ್ದ ಆ ಜಾಗ ಈಗ ಗೊತ್ತೇ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕಾಲಿನ ವ್ಯಾಯಾಮ ಹೇಳಿಕೊಟ್ಟ ಹುಡುಗಿಗೆ ಮನಸ್ಸಿನಲ್ಲೇ ಕೈಮುಗಿದಳು.

ಶುಕ್ರವಾರ ಸಂಜೆ ತಮ್ಮ ಅಳತೆ ಟೇಪು ಹಿಡಿದು ಬಂದ.

"ಎಣ್ಣೆ ಬಸಿಯೋಕೆ ಬಟ್ಟಲು ತಂದಿಲ್ಲ ತಾನೆ?" ಎಂದಳು ಅಕ್ಕ, ತಲೆ ಎತ್ತದೆ.

"ಅಯ್ಯೋ, ಸುಮ್ನೆ ಉದ್ದ ನೋಡ್ಕೊಂಡು ಹೋಗೋಣ ಅಂತ. ತೋಳು ಸರಿಯಾದ ಜಾಗದಲ್ಲಿ ಇದಾವಾ ಅಂತ." ಅವನು ಟೇಪಿನ ಒಂದು ತುದಿಯನ್ನು ಮುಂದಿನ ಚಕ್ರಕ್ಕೆ ಸಿಕ್ಕಿಸಿ ಹಿಂದಕ್ಕೆ ನಡೆದ. ನಡುವೆ ಟೇಪು ಹೊಟ್ಟೆ ಬಿಟ್ಟುಕೊಂಡು ಜೋತುಬಿತ್ತು.

ಅಕ್ಕನಿಗೆ ತಡೆಯಲಾಗಲಿಲ್ಲ. "ಎಳೆದು ಹಿಡಿಯೋ, ಕೊಳಕ! ಸಡಿಲ ಬಿಟ್ರೆ ಅಳತೆ ಜಾಸ್ತಿ ಬರುತ್ತೆ. ಹಾಗೆ ಅಳೆದಿದ್ರೆ ಈ ದೇಶದ ಗಡಿ ಪಕ್ಕದವರ ಅಡುಗೆಮನೆಗೆ ಹೋಗ್ತಿತ್ತು." ಎದ್ದು ಬಂದು ತಾನೇ ಟೇಪನ್ನು ಬಿಗಿಯಾಗಿ ಎಳೆದು ಹಿಡಿದು ಅಳತೆ ಓದಿ ಹೇಳಿದಳು.

ತಮ್ಮ ಬೆರಗಾಗಿ ನೋಡಿದ. "ನಿನ್ನ ಗಾಡಿನ ನೇಣಿಗೆ ಹಾಕೋಕೆ ಹಗ್ಗದ ಉದ್ದ ನೀನೇ ಹೇಳ್ಕೊಡ್ತೀಯಲ್ಲೇ."

"ನೇಣಿಗೆ ಹಾಕಿದ್ರೂ ಅಳತೆ ಸರಿಯಿರ್ಬೇಕು."

ಅವನು ನಗುತ್ತ ಹೋದ. ಆದರೆ ಗೇಟು ದಾಟುವ ಮುನ್ನ ತಿರುಗಿ ನಿಂತು ಅವಳ ಮಂಡಿಯ ಕಡೆ ಒಂದು ಗಳಿಗೆ ನೋಡಿದ. ಆಗ ಅವನ ಮುಖದಲ್ಲಿ ನಗು ಇರಲಿಲ್ಲ.

ಶನಿವಾರ ಮಧ್ಯಾಹ್ನಕ್ಕೆ ಅಕ್ಕನ ಕೈ ಸೋತಿತು. ಶೆಡ್ಡಿನ ಹೊಸಿಲ ಮೇಲೆ ಕೂತಳು. ಗಂಡ ಚಹಾ ತಂದಿಟ್ಟು, ಪಕ್ಕದಲ್ಲಿ ಡಬ್ಬದ ಮೇಲೆ ಕೂತ. ಅವರ ಮನೆಯಲ್ಲಿ ಮೌನ ಎಂದರೆ ಮುನಿಸಲ್ಲ, ಅದೂ ಒಂದು ಕುರ್ಚಿ, ಇಬ್ಬರೂ ಅದರಲ್ಲಿ ಕೂರುತ್ತಿದ್ದರು.

"ಕಾಲು ಸರಿಹೋಯ್ತು," ಎಂದಳು ಕೊನೆಗೆ. "ಗಾಡಿ ಕೆಟ್ಟೋಯ್ತು. ಎರಡೂ ಒಟ್ಟಿಗೆ ಇರೋ ಯೋಗ ಇಲ್ಲ ಅನ್ಸುತ್ತೆ."

ಗಂಡ ಚಹಾದ ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿದ.

ಅಕ್ಕ ಕೂತಲ್ಲಿಂದಲೇ ಕೈ ಚಾಚಿ, ನಾಯಿಯ ತಲೆ ಸವರುವವಳಂತೆ ಕಿಕ್ಕರಿನ ಮೇಲೆ ಅಂಗೈ ಇಟ್ಟಳು. ಸುಮ್ಮನೆ ಒತ್ತಿದಳು. ಕಿಕ್ಕರ್ ಇಳಿಯಿತು.

ಅವಳ ಕೈ ಅಲ್ಲೇ ನಿಂತಿತು. ಕಾಲು ಸರಿಹೋಗಿದೆ, ಒಪ್ಪೋಣ. ಕೈಗೆ ಯಾರು ವ್ಯಾಯಾಮ ಮಾಡಿಸಿದರು? ಮೈಭಾರವನ್ನೆಲ್ಲ ಹಾಕಿದರೂ ಬಗ್ಗದೆ ನಿಲ್ಲಬೇಕಾದ ಇಂಜಿನ್ನು ಅಂಗೈಗೆ ಬಗ್ಗಿತ್ತು.

ಇನ್ನೊಮ್ಮೆ, ಈ ಸಲ ಉಸಿರು ಬಿಗಿಹಿಡಿದು, ಮೆಲ್ಲಗೆ ಒತ್ತಿದಳು. ಶೆಡ್ಡಿನಲ್ಲಿ ಅಷ್ಟು ನಿಶ್ಶಬ್ದವಿದ್ದದ್ದರಿಂದ ಕೇಳಿಸಿತು. ಸೈಲೆನ್ಸರಿನ ಬಾಯಿಂದ, ನಿದ್ದೆಯಲ್ಲಿರುವವರು ಉಸಿರು ಬಿಟ್ಟಂತೆ, ಸಣ್ಣಗೆ ಹುಸ್ಸ್. ಒಳಗೆ ಅಮುಕಿಕೊಳ್ಳಬೇಕಾದ ಗಾಳಿ ಹಿಂಬಾಗಿಲಿನಿಂದ ಜಾರಿಹೋಗುತ್ತಿತ್ತು.

ಎಡಗೈ ಕೆಳಗಿನ ಪುಟ್ಟ ಲಿವರಿನ ಮೇಲೆ ಅವಳ ಕಣ್ಣು ಹೋಯಿತು. ಕೇಬಲ್ ವೀಣೆಯ ತಂತಿಯ ಹಾಗೆ ಬಿಗಿದುಕೊಂಡಿತ್ತು. ಬಿಗಿದವಳು ತಾನೇ. ಊರುಗೋಲಿನಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ, ಬೇರೇನೂ ಮಾಡಲಾಗದೆ, ಶೆಡ್ಡಿಗೆ ಬಂದು ಲೊಡಲೊಡ ಎನ್ನುತ್ತಿದ್ದ ಆ ಲಿವರನ್ನು ಕಂಡು, ಇಷ್ಟು ಸಡಿಲ ಬಿಟ್ಟರೆ ಹೇಗೆ ಎಂದು ತಿರುಪು ತಿರುಗಿಸಿ ಬಿಗಿ ಮಾಡಿದ್ದಳು. ಬಟ್ಟೆ ಒಣಗಿಸುವ ಹಗ್ಗವಿರಲಿ, ಪರದೆಯ ದಾರವಿರಲಿ, ಜೋತುಬಿದ್ದದ್ದನ್ನು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಆದರೆ ಈ ಕೇಬಲಿಗೆ ಅಷ್ಟು ಸಡಿಲ ಬೇಕೇಬೇಕು. ಇಲ್ಲದಿದ್ದರೆ ಲಿವರ್ ಮುಟ್ಟದಿದ್ದರೂ ವಾಲ್ವ್ ಸದಾ ಕೂದಲೆಳೆಯಷ್ಟು ತೆರೆದೇ ಇರುತ್ತದೆ. ವಾರವಿಡೀ ಪ್ರತಿ ಸಂಜೆ ಅವಳು ಅದನ್ನು ಇನ್ನಷ್ಟು ಒಪ್ಪ ಮಾಡಿದ್ದಳು. ಪ್ರತಿ ಸಂಜೆ ಒದೆ ಇನ್ನಷ್ಟು ಹಗುರಾಗಿತ್ತು.

"ಕಾಲು ಬಂದಿಲ್ಲ ರೀ," ಎಂದಳು. ದನಿ ಕುಸಿದಿತ್ತು. "ಗಾಡಿಗೆ ಜೀವ ಇರ್ಲಿಲ್ಲ, ಅದಕ್ಕೆ ನನ್ನ ಕಾಲಿಗೆ ಬಂದಹಾಗಿತ್ತು."

ಈ ತಿರುಪನ್ನು ಹಿಂದಕ್ಕೆ ತಿರುಗಿಸಿದರೆ ಗಾಡಿ ಸರಿಹೋಗುತ್ತದೆ, ಕಾಲು ಮತ್ತೆ ಮುರುಕಲಾಗುತ್ತದೆ. ಅಕ್ಕ ಸ್ಪ್ಯಾನರನ್ನು ತಿರುಪಿಗೆ ಹಚ್ಚಿದಳು. ಅಷ್ಟು ದಿನ ಮುದ್ದು ಮಾಡಿ ನಂಬಿದ್ದ ಸುಖವನ್ನು ಕೈಯಾರೆ ಬಿಚ್ಚುವುದು ಸುಲಭವಾಗಿರಲಿಲ್ಲ. ಬಿಚ್ಚಿದಳು. ಕೇಬಲ್ ಜೋತುಬಿತ್ತು. ಲಿವರ್ ಲೊಡಲೊಡ ಎಂದಿತು.

ಎದ್ದು ನಿಂತು ಕಿಕ್ಕರಿನ ಮೇಲೆ ಬಲಗಾಲಿಟ್ಟು ಒತ್ತಿದಳು. ಕಲ್ಲು. ಇನ್ನೂ ಒತ್ತಿದಳು. ಮಂಡಿಯೊಳಗೆ ಚುಳುಕ್ ಎಂದಿತು, ಕಿಕ್ಕರ್ ಒಂದು ಅಂಗುಲವೂ ಕದಲಲಿಲ್ಲ.

"ನೋಡಿದ್ರಾ?"

"ನೋಡ್ದೆ," ಎಂದ ಗಂಡ. ಆಮೇಲೆ, ಬಹಳ ಯೋಚಿಸಿದವನಂತೆ, "ಮುಂಚೆ ನೀನು ಕಾಲಲ್ಲಿ ಒತ್ತುತಾ ಇರ್ಲಿಲ್ಲ ಕಣೇ. ಮೇಲೆದ್ದು ಇಡೀ ಮೈ ಬಿಡ್ತಿದ್ದೆ. ಕಾಲು ಸುಮ್ನೆ ಮಧ್ಯೆ ಇರೋದು."

"ಈಗ ಬಿಡೋಕೆ ಭಯ ಆಗುತ್ತೆ."

"ಹೂಂ." ಅವನು ಖಾಲಿ ಲೋಟ ಎತ್ತಿಕೊಂಡ. "ಭಯ ಆಗೋದು ಬೇರೆ, ಆಗದೇ ಇರೋದು ಬೇರೆ. ನಿನ್ನ ತೂಕ ಏನೂ ಕಮ್ಮಿಯಾಗಿಲ್ಲ, ಆ ವಿಷಯದಲ್ಲಿ ನಾನು ಸಾಕ್ಷಿ."

"ಹೋಗ್ರಿ ಅತ್ಲಾಗೆ!" ಎಂದಳು ಅಕ್ಕ. ನಗು ತಡೆಯಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ತಮ್ಮ ಹೋಟೆಲಿನ ಸಾಮಾನು ಸಾಗಿಸುವ ವ್ಯಾನಿನಲ್ಲಿ ಬಂದಿಳಿದ. ಹಿಂದೆ ಹಗ್ಗ, ಹಲಗೆ ಎಲ್ಲ ಸಿದ್ಧವಾಗಿದ್ದವು. ಎದುರು ಸಾಲಿನ ಕ್ಷೌರಿಕ ಕತ್ತರಿ ಕೈಯಲ್ಲೇ ಹಿಡಿದು ಹೊರಬಂದ, ಅವನ ಹಿಂದೆ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿ. ಮೂಲೆಯ ಬ್ರೆಡ್ಡಿನ ಅಂಗಡಿಯಾಕೆ ಹಿಟ್ಟಿನ ಕೈಯಲ್ಲೇ ಬಂದಳು.

"ಅಕ್ಕ, ನಾನು ನಿನ್ನ ಕಡೆ!" ಎಂದು ಕೂಗಿದಳು ಅಂಗಡಿಯಾಕೆ.

"ನಾನು ಗೋಡೆ ಕಡೆ," ಎಂದ ಕ್ಷೌರಿಕ. "ಈ ಗಾಡಿ ಗುಡುಗಿದಾಗೆಲ್ಲ ನನ್ನ ಕತ್ತಿ ಜಾರುತ್ತೆ ಮಾರಾಯ್ರೇ."

ಅಕ್ಕ ದಪ್ಪ ಅಟ್ಟೆಯ ಬೂಟು ಬಿಗಿದುಕೊಂಡಳು. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಪೆಟ್ರೋಲು ಬಿಟ್ಟು, ಚೋಕ್ ಎಳೆದಳು. ಕಿಕ್ಕರನ್ನು ಮೆಲ್ಲಗೆ ಒತ್ತಿದಳು. ಕಲ್ಲಿನ ಜಾಗ ಸಿಕ್ಕಿತು. ಪುಟ್ಟ ಲಿವರ್ ಎಳೆದು, ತುದಿ ದಾಟಿಸಿ, ಬಿಟ್ಟಳು. ಕಿಕ್ಕರ್ ಮೇಲೆ ಬಂತು. ಮೇಲೆದ್ದಳು, ಒದ್ದಳು.

ಅರ್ಧಕ್ಕೆ ಬಂದಾಗ ಮನಸ್ಸು ಹಿಂದೆ ಸರಿಯಿತು, ಮಂಡಿ ತಾನಾಗಿ ತಡೆಯಿತು. ಒಂಟಿಸಲಗ ಅಷ್ಟನ್ನೇ ಕಾದಿದ್ದಂತೆ ತಿರುಗಿ ಒದೆಯಿತು. ಪೆಟ್ಟು ಅಟ್ಟೆಯಿಂದ ಸೊಂಟದ ತನಕ ಹತ್ತಿತು. ಅಕ್ಕ ಗಾಡಿಯ ಮೇಲೆ ಮುಗ್ಗರಿಸಿ ಟ್ಯಾಂಕನ್ನು ಅಪ್ಪಿಕೊಂಡಳು.

ತಮ್ಮ ಓಡಿಬಂದು ಹ್ಯಾಂಡಲ್ ಹಿಡಿದುಕೊಂಡ. ಅವನ ಮುಖ ಸುಣ್ಣದಂತಾಗಿತ್ತು.

"ಸಾಕು ಅಕ್ಕ. ಇಳಿ. ಪಂದ್ಯಾನೂ ಬೇಡ, ಗೋಡೆನೂ ಬೇಡ."

"ಬಿಡೋ ಕೈ."

"ಬಿಡಲ್ಲ. ಆವತ್ತು ಮೆಟ್ಟಿಲಲ್ಲಿ ನಿನ್ನ ಮಂಡಿ ಮುರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ ಕಣೇ. ಒರೆಸೋಕೆ ಹೇಳಿದ್ದು ನಾನು. ಒದ್ದೆ ಇದೆ ಅಂತ ಹೇಳೋಕೆ ಬಾಯಿ ಬರ್ಲಿಲ್ಲ ನಂಗೆ. ಇದನ್ನ ಗೋಡೆಗೆ ಹಾಕಿಬಿಟ್ರೆ ನೀನು ಇನ್ನೊಂದ್ಸಲ ಬೀಳಲ್ಲ ಅಂತ..."

ಅಕ್ಕ ಅವನನ್ನು ನೋಡಿದಳು. ಇಷ್ಟು ದಿನದ ಟೇಪು, ದೀಪ, ಫೋಟೋ, ತಮಾಷೆ ಎಲ್ಲದರ ಹಿಂದೆ ಈ ಹೆದರಿದ ಮುಖವಿತ್ತು. ಹೆದರಿಕೆಯಲ್ಲಿ ತಾವಿಬ್ಬರೂ ಒಂದೇ ತಾಯಿಯ ಮಕ್ಕಳೇ ಎಂದು ಅವಳಿಗೆ ಮೊದಲ ಬಾರಿಗೆ ತೋರಿತು.

"ಲೋ," ಎಂದಳು ಮೆಲ್ಲಗೆ, "ನಾನು ಬಿದ್ದ ಸದ್ದು ಕೇಳಿದೀಯ, ಎದ್ದ ಸದ್ದನ್ನೂ ಕೇಳಿಸ್ಕೋ. ಪಕ್ಕಕ್ಕೆ ಸರಿ."

ಅವನು ಸರಿದ. ಅಕ್ಕ ಮತ್ತೆ ಮೊದಲಿನಿಂದ ಶುರುಮಾಡಿದಳು. ಕಲ್ಲಿನ ಜಾಗ. ಲಿವರ್. ತುದಿ. ಬಿಡು. ಎಡಗಾಲ ಮೇಲೆ ಪೂರ್ತಿ ಎದ್ದು ನಿಂತಳು. ಆ ಎತ್ತರದಿಂದ ಬೀದಿಯ ಕೊನೆಯ ತನಕ ಕಂಡಿತು. ಕಾಲಿಗೆ ಏನನ್ನೂ ಹೇಳಲಿಲ್ಲ. ಮೈಯನ್ನು ಬಿಟ್ಟಳು, ತಡೆಯದೆ, ಅಳೆಯದೆ, ನೆಲದ ಕಡೆಗೆ.

ದಬ್.

ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆ ಗಳಿಗೆಯೊಳಗೆ ಅಕ್ಕನ ಆಯುಷ್ಯವೆಲ್ಲ ಹಿಡಿಸುವಷ್ಟು ಜಾಗವಿತ್ತು.

ದಬ್. ದಬ್. ದಬ್ ದಬ್ ದಬ್ ದಬ್!

ಕಿಟಕಿಯ ಗಾಜುಗಳು ಗಡಗಡಿಸಿದವು. ಬ್ರೆಡ್ಡಿನಂಗಡಿಯಾಕೆ ಚಪ್ಪಾಳೆ ತಟ್ಟಿ, ಹಿಟ್ಟಿನ ಮೋಡವೊಂದನ್ನು ಗಾಳಿಗೆ ಬಿಟ್ಟಳು. ಅರ್ಧ ತಲೆಯ ಗಿರಾಕಿ ಸಿಳ್ಳೆ ಹೊಡೆದ. ಕ್ಷೌರಿಕ ಎರಡೂ ಕಿವಿ ಮುಚ್ಚಿಕೊಂಡು, ಬಾಯಿತುಂಬ ನಗುತ್ತಿದ್ದ. ತಮ್ಮ ನಡುರಸ್ತೆಯಲ್ಲಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, "ಹೊಗೆ ಕಣ್ರೀ, ಹೊಗೆ," ಎಂದು ಎಲ್ಲರಿಗೂ ಹೇಳುತ್ತಿದ್ದ.

ಘಟ್ಟದ ದಾರಿಯಲ್ಲಿ ಒಂಟಿಸಲಗ ಹಳೆಯ ಗತ್ತಿಗೆ ಬಂತು. ಅವಸರವಿಲ್ಲದ ಒಂದೊಂದೇ ಪೆಟ್ಟು, ಪ್ರತಿ ಪೆಟ್ಟಿಗೂ ರಸ್ತೆಯ ಒಂದು ತುಂಡು ಹಿಂದಕ್ಕೆ. ತಿರುವಿಗೆ ವಾಲಿಸಿದರೆ ವಾಲುತ್ತಿತ್ತು, ಎತ್ತಿದರೆ ಏಳುತ್ತಿತ್ತು. ಟಾರು ಮುಗಿದು ಜಲ್ಲಿ ಬಂದಾಗ ಅಕ್ಕ ಸೀಟಿನಿಂದೆದ್ದು ಫುಟ್‌ರೆಸ್ಟುಗಳ ಮೇಲೆ ನಿಂತಳು. ಮಂಡಿ ನೋಯುತ್ತಿತ್ತು. ನೋಯುತ್ತಲೇ ಕೆಲಸ ಮಾಡುತ್ತಿತ್ತು. ಗಂಡನನ್ನೂ ಹತ್ತಿಸಿಕೊಂಡು ಹಿಂದೆ ಬರುತ್ತಿದ್ದ ತಮ್ಮನ ವ್ಯಾನು ಕನ್ನಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟಾಗಿ, ಆಮೇಲೆ ತಿರುವಿನಲ್ಲಿ ಕಾಣದೆಹೋಯಿತು.

ನೆತ್ತಿಯಲ್ಲಿ ಗಾಳಿ ಮತ್ತು ಒಂದು ಕಲ್ಲುಕಂಬ ಬಿಟ್ಟರೆ ಬೇರೇನೂ ಇರಲಿಲ್ಲ. ಪಂದ್ಯ ಮುಗಿದಿತ್ತು. ಅಕ್ಕ ಗಾಡಿ ನಿಲ್ಲಿಸಿ, ಟ್ಯಾಂಕಿನ ಮೇಲೊಮ್ಮೆ ಕೈ ಆಡಿಸಿ, ಕೀಲಿ ತಿರುಗಿಸಿ ಇಂಜಿನ್ ಆರಿಸಿಬಿಟ್ಟಳು.

ಮೌನ ಕೆಳಗಿನ ಬಯಲಿನ ತನಕ ಇಳಿದುಹೋಯಿತು. ಕಾದ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಕಿವಿಯೊಳಗೆ ಇನ್ನೂ ಆ ದಬ್ ದಬ್, ಅದೂ ನಿಧಾನವಾಗಿ ಗಾಳಿಯೊಳಗೆ ಕರಗಿತು. ತಿಂಗಳುಗಟ್ಟಲೆ ಮನೆಯಲ್ಲಿದ್ದ ಮೌನ ಕಾಯುವ ಮೌನವಾಗಿತ್ತು. ಇದು ಯಾವುದನ್ನೂ ಕಾಯುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ವ್ಯಾನು ಏದುಸಿರು ಬಿಡುತ್ತ ಹತ್ತಿಬಂತು. ಮೂತಿಯಿಂದ ಬುಸುಬುಸು ಹಬೆ ಏಳುತ್ತಿತ್ತು. ತಮ್ಮ ಹಾರಿ ಇಳಿದ. ಗಂಡ ನೀರಿನ ಬಾಟಲಿ ಹಿಡಿದು ಇಳಿದ.

"ಯಾಕಕ್ಕ ನಿಂತೋಯ್ತು? ಕೆಟ್ಟೋಯ್ತಾ?"

"ನಾನೇ ಆಫ್ ಮಾಡ್ದೆ."

"ತಲೆ ನೆಟ್ಟಗಿದೆಯಾ ನಿಂಗೆ? ಬಿಸಿಯಾದ್ಮೇಲೆ ಅದನ್ನ ಎಬ್ಬಿಸೋದು ಇನ್ನೂ ಕಷ್ಟ ಅಂತ ನೀನೇ ಹೇಳ್ತಿದ್ದೆ! ಗೆದ್ದಾಗಿತ್ತಲ್ಲೇ!"

"ಬೀದಿಯಲ್ಲಿ ಒದ್ದಿದ್ದು ನಿನ್ನ ಪಂದ್ಯಕ್ಕೆ," ಎಂದಳು ಅಕ್ಕ ಕೈಗವಸು ಹಾಕಿಕೊಳ್ಳುತ್ತ. "ಇದು ನಂಗೆ."

ತಮ್ಮ ಬಾಯಿ ತೆರೆದ. ಭಾವ ಅವನ ಭುಜದ ಮೇಲೆ ಕೈಯಿಟ್ಟ. ಬಾಯಿ ಮುಚ್ಚಿಕೊಂಡಿತು.

ಬಿಸಿ ಇಂಜಿನ್ನಿಗೆ ಚೋಕ್ ಬೇಡ. ಆಕ್ಸಿಲರೇಟರ್ ಮುಟ್ಟುವ ಹಾಗೇ ಇಲ್ಲ. ಅಕ್ಕ ಕಲ್ಲಿನ ಜಾಗ ಹುಡುಕಿ, ತುದಿ ದಾಟಿಸಿ, ಎದ್ದು ನಿಂತಳು. ಬಯಲೆಲ್ಲ ಕಾಲ ಕೆಳಗಿತ್ತು. ಭಯ ಇತ್ತು, ಇದ್ದ ಜಾಗದಲ್ಲೇ ಇತ್ತು. ಅದನ್ನೂ ಸೇರಿಸಿಕೊಂಡೇ ಮೈ ಬಿಟ್ಟಳು.

ಒಂದೇ ಒದೆಗೆ ಗುಡುಗಿತು.

"ಅಕ್ಕ, ತಡಿಯೇ!" ತಮ್ಮ ವ್ಯಾನಿನ ಹಬೆಯೊಳಗಿಂದ ಕೂಗಿದ. "ಇದು ತಣ್ಣಗಾಗ್ಬೇಕು! ಜೊತೆಗೇ ಇಳಿಯೋಣ!"

ಅಕ್ಕ ಗೇರು ಹಾಕಿದಳು. ಎಷ್ಟೋ ತಿಂಗಳು ಎಲ್ಲರ ಜೊತೆ, ಎಲ್ಲರ ಹಿಂದೆ, ಯಾರದೋ ತೋಳು ಹಿಡಿದು ಇಳಿದಿದ್ದಳು. ಇವತ್ತು ಕಾಯಲಿಲ್ಲ.